ಹಿಡಿ ತೆಗೆಯದ ಚೀಲ

ಮೋಟೆಬೆನ್ನೂರಿನ ಗುಡಿಕಟ್ಟೆಯ ಮೇಲೆ ಸುಶ್ಮಿತಾ ಹೆಬ್ಬೆರಳು ಒತ್ತಿಸುವ ಯಂತ್ರ ಇಟ್ಟುಕೊಂಡು ಕುಳಿತಳೆಂದರೆ ಸುತ್ತಲಿನ ಹನ್ನೆರಡು ಹಳ್ಳಿಯ ನೊಣಗಳಿಗೆ ಸುದ್ದಿ ಮುಟ್ಟಿ, ಅವೆಲ್ಲ ದಿಬ್ಬಣ ಕಟ್ಟಿಕೊಂಡು ಬಂದುಬಿಡುತ್ತಿದ್ದವು. ಬಾರದೆ ಉಳಿದವರು ಪಿಂಚಣಿಯ ಮುದುಕಿಯರು ಮಾತ್ರ. ಮುಂಜಾನೆಯಿಂದ ಹೊತ್ತು ನೆತ್ತಿಗೇರುವ ತನಕ ಆಕೆ ಆಕಳಿಸಿದ ಆಕಳಿಕೆಗಳನ್ನು ಒಂದಕ್ಕೊಂದು ಗಂಟು ಹಾಕಿದ್ದರೆ ರಾಣೆಬೆನ್ನೂರಿನವರೆಗೆ ಹಗ್ಗ ಎಳೆಯಬಹುದಿತ್ತು. ಮಿಕ್ಕ ತುದಿಯಲ್ಲಿ ಹಲಗೇರಿಯ ಯಾರದಾದರೂ ಎಮ್ಮೆಯನ್ನೂ ಕಟ್ಟಬಹುದಿತ್ತು.

ಕೆಲಸವೇನೋ ತೊಟ್ಟಿಲ ಕೂಸಿಗೂ ತಿಳಿಯುವಂಥದು. ವಯಸ್ಸಾದವರಿಗೆ, ಗಂಡ ಸತ್ತವರಿಗೆ ದಿಲ್ಲಿಯ ಸರಕಾರ ಒಂದಿಷ್ಟು ಪಿಂಚಣಿ ಕೊಡುತ್ತದೆ. ಅಂಗೈಯಲ್ಲಿಟ್ಟು ಊದಿದರೆ ಹಾರಿಹೋಗುವಷ್ಟು. ಹಾರಿಹೋಗದಿರಲೆಂದು ಅದರ ಮೇಲೆ ರಾಜ್ಯ ಸರಕಾರ ತನ್ನದೊಂದು ಕಲ್ಲು ಹೇರುತ್ತದೆ, ಅಂದರೆ ತನ್ನ ಪಾಲಿನ ಹೆಚ್ಚುವರಿ ಹಣ ಸೇರಿಸುತ್ತದೆ. ಎರಡೂ ಕೂಡಿ ಬ್ಯಾಂಕಿನ ಖಾತೆಗೆ ಬೀಳುತ್ತವೆ. ಆದರೆ ಮಂಡಿ ಹಿಡಿದುಹೋದ ಮುದುಕಿ ಬ್ಯಾಂಕಿನ ಮೆಟ್ಟಿಲು ಹತ್ತುವುದೂ ಹಿಮಾಲಯ ಹತ್ತುವುದೂ ಒಂದೇ ಲೆಕ್ಕ; ಹಿಮಾಲಯದಲ್ಲಾದರೆ ಊಟಕ್ಕೆ ಹೋದ ಕ್ಯಾಷಿಯರ್‌ಗೆ ಕಾಯಬೇಕಾಗಿಲ್ಲ. ಅದಕ್ಕೇ ಸರಕಾರ ರಾಣೆಬೆನ್ನೂರಿನ ಒಂದು ಏಜೆನ್ಸಿಗೆ ಗುತ್ತಿಗೆ ಕೊಟ್ಟಿತ್ತು. ನಿಮ್ಮ ಜನ ಯಂತ್ರ ಹಿಡಿದು ಊರೂರಿಗೆ ಹೋಗಲಿ, ಬೆರಳು ಒತ್ತಿಸಿಕೊಂಡು ಹಣ ಕೊಡಲಿ, ಪ್ರತಿಯೊಂದು ಹಂಚಿಕೆಗೂ ಇಂತಿಷ್ಟು ಶುಲ್ಕ ನಾವು ಕೊಡುತ್ತೇವೆ. ಮುದುಕಿಯರಿಂದ ಮಾತ್ರ ಒಂದು ಪೈಸೆ ಮುಟ್ಟಕೂಡದು. ಆ ಶುಲ್ಕವನ್ನು ಏಜೆನ್ಸಿ ಕಚ್ಚಿ, ಅಗಿದು, ಬಾಯಿ ಒರೆಸಿಕೊಂಡು ಉಳಿದ ಚೂರನ್ನು ಸುಶ್ಮಿತಾಳಿಗೆ ದಾಟಿಸುತ್ತಿತ್ತು. ಬೆರಳು ಬಂದರೆ ಶುಲ್ಕ, ಬಾರದಿದ್ದರೆ ಬಿಸಿಲು.

ಆ ಚೂರಿಗಾಗಿಯೇ ಆಕೆ ಬ್ಯಾಡಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಅದಕ್ಕೂ ಮೊದಲು ಆಕೆ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದವಳು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಅದರಲ್ಲಿ ಖಾರವೇ ಇಲ್ಲ ಎಂದು ಹೇಳುವ ಜಾಣರು ಒಮ್ಮೆ ಆ ರಾಶಿಯ ನಡುವೆ ಕುಳಿತು ನೋಡಬೇಕು. ಸುಗ್ಗಿಯಲ್ಲಿ ಅಲ್ಲಿ ಕಸ ಗುಡಿಸಿದರೆ ದಾವಣಗೆರೆಯ ದನಗಳು ಸೀನುತ್ತವೆ. ಹತ್ತು ವರ್ಷ ಆ ದೂಳು ಕುಡಿದ ಸುಶ್ಮಿತಾಳ ಎದೆ ಹಳೆಯ ಹಾರ್ಮೋನಿಯಂ ಆಗಿಹೋಗಿತ್ತು. ಮಲಗಿದರೆ ಕಪ್ಪು ಮನೆಯ ಸ್ವರ, ಕೂತರೆ ಬಿಳಿ ಮನೆಯ ಸ್ವರ, ಒಟ್ಟಿನಲ್ಲಿ ಓಣಿಗೆಲ್ಲ ಸಂಗೀತ. ಇನ್ನೊಂದು ಸುಗ್ಗಿ ಆ ರಾಶಿಯಲ್ಲಿ ಕುಳಿತರೆ ಮುಂದಿನ ಸುಗ್ಗಿಗೆ ನೀನಿರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದು ಉತ್ಪ್ರೇಕ್ಷೆಯಲ್ಲ; ಡಾಕ್ಟರು ಅಷ್ಟು ಮಾತಾಡುವವರೇ ಅಲ್ಲ. ಈ ಯಂತ್ರ ಕೈಯಲ್ಲಿದ್ದರೆ ಉಸಿರು. ಯಂತ್ರ ಹೋದರೆ ಮತ್ತೆ ಮೆಣಸಿನಕಾಯಿ.

ಇಷ್ಟಕ್ಕೂ ಮುದುಕಿಯರು ಬಾರದೆ ಹೋದದ್ದೇಕೆಂದರೆ, ಆಕೆ ಅವರಿಂದ ಏನೂ ತೆಗೆದುಕೊಳ್ಳಲಿಲ್ಲ, ಅದಕ್ಕೆ.

ಮೊದಲನೇ ದಿನವೇ ಎಡವಟ್ಟಾಗಿತ್ತು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ಹೊಳಿಯವ್ವ. ಹೊಳಿಯವ್ವನ ವಯಸ್ಸು ಆಧಾರ್ ಕಾರ್ಡಿನಲ್ಲಿ ಎಪ್ಪತ್ತೊಂದು, ಆಕೆಯ ಮಾತಿನಲ್ಲಿ ನೂರಾನಾಲ್ಕು, ದನಿಯಲ್ಲಿ ಇಪ್ಪತ್ತೈದು. ಊರಿನ ಮುದುಕಿಯರಿಗೆಲ್ಲ ಆಕೆಯೇ ತಹಸೀಲ್ದಾರ. ಬೆರಳು ಒತ್ತಿ, ಹಣ ಇಸಿದುಕೊಂಡು, ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿಯ ನೋಟೊಂದನ್ನು ಯಂತ್ರದ ಪಕ್ಕ ಇಟ್ಟಳು.

"ಏನಬೇ ಆಯಿ ಇದು?"

"ಚಾದ ರೊಕ್ಕ. ಇಟಗೋ."

"ಬ್ಯಾಡ ತಗಿ. ನನಗ ಸರಕಾರದವರು ಕೊಡ್ತಾರ."

ಹೊಳಿಯವ್ವ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. ಕೊರಳಲ್ಲಿ ತಾಳಿ ಇತ್ತು. "ನಿನಗ್ಯಾಕ ಕೊಡ್ತಾರ? ನಿನಗ್ಯಾರು ಸತ್ತಾರ?"

"ಯಾರೂ ಸತ್ತಿಲ್ಲ ಆಯಿ. ನಿಮಗ ಹಂಚೂದಕ್ಕ ಕೊಡ್ತಾರ. ಅದು ಶುಲ್ಕ."

"ಹಂಗಾರ ನಮ್ಮ ರೊಕ್ಕದಾಗಿಂದನ ಮುರಕೊಂಡು ಕೊಡ್ತಾರ."

"ಇಲ್ಲಬೇ. ಅದು ಬ್ಯಾರೇ. ನಿಮ್ಮದು ಪೂರಾ ನಿಮಗ."

"ಪೂರಾ?"

"ಪೂರಾ."

ಈ ಒಂದು ಮಾತಿಗೆ ಸಾಲಿನ ತುದಿಯವರೆಗೆ ಗುಸುಗುಸು ಹರಿಯಿತು. ಜೈತೂನಬಿ ಎಂಬ ಮುದುಕಿ ತನ್ನ ಹಣವನ್ನು ಬಿಸಿಲಿಗೆ ಹಿಡಿದು ನೋಡಿದಳು. ಹೊಳಿಯವ್ವನ ಮುಖ ಗಂಟಾಯಿತು.

"ಬ್ಯಾಡಗಿ ಪ್ಯಾಟಿ ಹುಡುಗಿ ನೀನು, ಇಷ್ಟು ಗೊತ್ತಿಲ್ಲೇನ? ಚೀಲ ಬಿಚ್ಚಿದ್ರ ಮದಲ ಒಂದ ಹಿಡಿ ತಗೀತಾರ. ಹಿಡಿ ತಗೀದ ಚೀಲ ಯಾರರ ಮುಟ್ಯಾರೇನು?"

ಗೊತ್ತಿಲ್ಲದೆ ಏನು. ಮಾರುಕಟ್ಟೆಯಲ್ಲಿ ಚೀಲದ ಬಾಯಿ ಬಿಚ್ಚಿದೊಡನೆ ಅಂಗಡಿಯವನು ಒಂದು ಹಿಡಿ ಮೆಣಸಿನಕಾಯಿ ಎತ್ತಿ, ಬಣ್ಣ ನೋಡಿ, ಪಕ್ಕದ ಬುಟ್ಟಿಗೆ ಎಸೆಯುತ್ತಾನೆ. ಎಸೆದದ್ದು ತಿರುಗಿ ಚೀಲಕ್ಕೆ ಬೀಳುವುದಿಲ್ಲ. ರೈತ ಗೊಣಗುತ್ತಾನೆ, ಆದರೆ ಅಂಗಡಿಯವನು ಹಿಡಿ ತೆಗೆಯದೆ ಮುಂದೆ ಹೋದರೆ ರೈತನ ಎದೆ ಧಸಕ್ಕೆನ್ನುತ್ತದೆ. ನನ್ನ ಚೀಲಕ್ಕೆ ಏನಾಗಿದೆ, ಕೆಳಗೆ ಕಲ್ಲಿದೆ ಎಂದುಕೊಂಡರೆ ಹೇಗೆ, ಬೂಷ್ಟು ಬಂದಿದೆ ಎಂದುಕೊಂಡರೆ ಹೇಗೆ ಎಂದು ಬೆವರುತ್ತಾನೆ. ಹಿಡಿ ತೆಗೆಯದ ಚೀಲ ಮಾರಾಟವಾದ ದಾಖಲೆ ಆ ಮಾರುಕಟ್ಟೆ ಹುಟ್ಟಿದಾಗಿನಿಂದ ಇಲ್ಲ; ಇದ್ದರೂ ಯಾರೂ ನಂಬುವುದಿಲ್ಲ. ರೊಕ್ಕವೂ ಹಾಗೆಯೇ ಎಂಬುದು ಹೊಳಿಯವ್ವನ ಶಾಸ್ತ್ರ. ಯಾರ ಕೈಯೂ ಹಿಡಿ ತೆಗೆಯದ ರೊಕ್ಕದಲ್ಲಿ ಏನೋ ಐಬಿರುತ್ತದೆ. ಇಂದು ಪೂರ್ತಿ ಬಂದದ್ದು ನಾಳೆ ಪೂರ್ತಿ ನಿಲ್ಲುತ್ತದೆ.

ಸುಶ್ಮಿತಾ ನೋಟನ್ನು ಹೊಳಿಯವ್ವನ ಸೆರಗಿಗೆ ತುರುಕಿ ಕಳಿಸಿದಳು. ಮರುತಿಂಗಳು ಸಾಲು ಅರ್ಧವಾಯಿತು. ಅದರ ಮರುತಿಂಗಳು ನೊಣಗಳು.

ಮುದುಕಿಯರೆಲ್ಲ ಹೋದದ್ದು ಹೆದ್ದಾರಿಯ ಬದಿಯ ಚಾದಂಗಡಿಗೆ. ಅಲ್ಲಿ ಲಕ್ಷ್ಮಪ್ಪ ಇದ್ದ. ಲಕ್ಷ್ಮಪ್ಪ ಹಿಂದೆ ಪೋಸ್ಟ್‌ಮನ್. ಮನಿಯಾರ್ಡರಿನ ಕಾಲದಲ್ಲಿ ಸೈಕಲ್ ಮೇಲೆ ಪಿಂಚಣಿ ಹಂಚಿದವನು, ಹಂಚಿದ ಕಡೆಯಲ್ಲೆಲ್ಲ ಚಾದ ರೊಕ್ಕ ತೆಗೆದುಕೊಂಡವನು. ಅವನು ಆ ರೊಕ್ಕದಲ್ಲಿ ನಿಜವಾಗಿ ಚಾ ಕುಡಿದಿದ್ದರೆ ನೀಲಗಿರಿ ಬೋಳಾಗುತ್ತಿತ್ತು. ನಿವೃತ್ತಿಯಾದ ಮೇಲೆ ಅವನೂ ಇನ್ನೊಂದು ಏಜೆನ್ಸಿಯ ಯಂತ್ರ ಹಿಡಿದಿದ್ದ. ಯಾವ ಬೆರಳಿಗೆ ಯಾವ ಯಂತ್ರವಾದರೂ ನಡೆಯುತ್ತಿತ್ತು. ಸುಶ್ಮಿತಾಳ ಯಂತ್ರ ಒಂದೇ ಸಲಕ್ಕೆ ಬೆರಳು ಹಿಡಿಯುತ್ತಿತ್ತು. ಲಕ್ಷ್ಮಪ್ಪ ಮೊದಲು ಗಾಜು ಊದುತ್ತಿದ್ದ, ಮುದುಕಿಯ ಹೆಬ್ಬೆರಳನ್ನು ತನ್ನ ಟವೆಲಿನಿಂದ ತಿಕ್ಕುತ್ತಿದ್ದ, "ಒತ್ತು, ಗಟ್ಟಿ ಒತ್ತು, ಸೊಸಿ ಕುತಿಗಿ ಅಂತ ತಿಳಕೊಂಡು ಒತ್ತು" ಎಂದು ಗದರುತ್ತಿದ್ದ. ಕಡೆಗೆ ಹತ್ತು ರೂಪಾಯಿ ಎಣಿಸಿಕೊಂಡು ಕಿಸೆಗೆ ಹಾಕುತ್ತಿದ್ದ. ಮುದುಕಿಯರು ಅವನಿಗೆ ಹಿಡಿಶಾಪ ಹಾಕುತ್ತ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು.

ಒಂದು ದಿನ ಏಜೆನ್ಸಿಯವರು ಸುಶ್ಮಿತಾಳನ್ನು ರಾಣೆಬೆನ್ನೂರಿಗೆ ಕರೆಸಿದರು. ಬ್ಯಾಡಗಿಯಿಂದ ಬಂದು ಮೋಟೆಬೆನ್ನೂರಿನಲ್ಲಿ ಬಸ್ಸು ಬದಲಿಸಲು ನಿಂತಿದ್ದಾಗ ರಸ್ತೆಯ ಆಚೆ ಬದಿಯಲ್ಲಿ ಹೊಳಿಯವ್ವ, ಜೈತೂನಬಿ ಹೊಸ ಸೀರೆ ಉಟ್ಟು ನಿಂತದ್ದು ಕಾಣಿಸಿತು. ಸುಶ್ಮಿತಾ ದಾಟಿ ಹೋಗಿ ಮಾತಾಡಿಸಿದಳು.

"ಎಲ್ಲಿಗೆ ಹೊಂಟೀರಿ ಆಯಿ?"

"ಹಾವೇರಿಗೆ," ಎಂದಳು ಹೊಳಿಯವ್ವ. "ನಿನ್ನ ಮ್ಯಾಲ ಅರ್ಜಿ ಕೊಡಾಕ."

ಅದನ್ನು ಆಕೆ ಮದುವೆಗೆ ಹೊರಟೆ ಎನ್ನುವ ಹಾಗೆ ಹೇಳಿದಳು. ಸುಶ್ಮಿತಾಳಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಉಸಿರು ಬೇಕು. "ಏನಂತ ಕೊಡ್ತೀರಿ?"

"ರೊಕ್ಕ ತಗೊಳ್ಳೂದಿಲ್ಲಂತ."

"ತಗೊಳ್ಳೂದಿಲ್ಲಂತ ಅರ್ಜಿ ಕೊಡ್ತಾರೇನಬೇ?"

"ಮತ್ತ? ಇವತ್ತ ಬಿಟ್ಟಾಕಿ ನಾಳೆ ಏನ ನುಂಗ್ತಾಳೋ ಯಾರಿಗ್ಗೊತ್ತು. ಸಾಹೇಬ್ರು ವಿಚಾರ ಮಾಡ್ಲಿ."

"ಬಸ್ಸು ಬಿಟ್ಟಿ ಅಂದ್ರ ಹತ್ತತೀರಿ. ನಾ ಬಿಟ್ಟಿ ಅಂದ್ರ ನಂಬೂದಿಲ್ಲ."

"ಬಸ್ಸಿನಾಗ ಕಂಡಕ್ಟರ ಟಿಕೀಟ ಹರದು ಕೊಡ್ತಾನವಾ," ಎಂದಳು ಜೈತೂನಬಿ. "ಸೊನ್ನೀದ ಇರವಲ್ದ್ಯಾಕ, ಕೈಯಾಗ ಒಂದು ಚೀಟಿ ಇರ್ತೈತಿ. ಮ್ಯಾಲ ಬೈತಾನ. ನೀನು ಬೈಯೂದೂ ಇಲ್ಲ."

"ನಿಮ್ಮವ್ವ ನಿನಗ ಬೈಯೂದು ಕಲಿಸಿಲ್ಲೇನ?" ಎಂದು ಹೊಳಿಯವ್ವ ನಿಜವಾದ ಕನಿಕರದಿಂದ ಕೇಳಿದಳು. ಅಷ್ಟರಲ್ಲಿ ಹಾವೇರಿಯ ಬಸ್ಸು ಬಂತು. ಇಬ್ಬರೂ ಕಂಡಕ್ಟರನಿಂದ ಬೈಸಿಕೊಳ್ಳುತ್ತ ಹತ್ತಿದರು. ಕಿಟಕಿಯಿಂದ ಕೈ ಹೊರಗೆ ಹಾಕಿ ಹೊಳಿಯವ್ವ ಕೂಗಿದಳು, "ಉಂಡು ಬಂದೀಯಿಲ್ಲೋ?"

ಏಜೆನ್ಸಿಯ ಮಾಲೀಕ ಸಮೀರನ ಕೋಣೆಯಲ್ಲಿ ಇದ್ದ ತಂಪಿಗೆ ಹೆಂಗಸರ ಗಾಜಿನ ಬಳೆ ತಾನೇ ಸಡಿಲಾಗುತ್ತಿತ್ತು. ಅವನು ಗೋಡೆಯ ಮೇಲಿನ ನಕ್ಷೆಯೊಂದನ್ನು ತೋರಿಸಿದ. ಅದರಲ್ಲಿ ಎಲ್ಲರ ಗೆರೆಗಳೂ ಮೇಲೆ ಹೋಗಿದ್ದವು. ಸುಶ್ಮಿತಾಳದು ನೆಲಮಾಳಿಗೆ ಹುಡುಕುತ್ತಿತ್ತು.

"ನಿಮ್ಮ ಊರಾಗ ಬೆರಳು ಇಲ್ಲೇನ್ರಿ ಜನರಿಗೆ?"

"ಅದಾವ್ರಿ. ಲಕ್ಷ್ಮಪ್ಪನ ಕಡೆ ಹೋಗ್ತಾವ."

"ಯಾಕ?"

"ಅಂವ ರೊಕ್ಕ ತಗೋತಾನ್ರಿ. ನಾ ತಗೊಳ್ಳೂದಿಲ್ಲ."

ಸಮೀರ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ತಗೊಂಡು ಏಜೆಂಟ್ ಕೋಡ್ ಕಳಕೊಂಡವರನ್ನ ನೋಡೇನಿ. ತಗೊಳ್ಳದ ಕಳಕೊಳ್ಳೂದು ನೀವ ಮದಲ ನೋಡ್ರಿ. ನಾ ಏನ್ ಮಾಡ್ಲಿ? ಸರಕಾರ ನನಗ ಶುಲ್ಕ ಕೊಡೂದು ಹಂಚಿದ್ದಕ್ಕ. ನೀವು ಭಾಳ ಪ್ರಾಮಾಣಿಕ ಇದ್ದೀರಿ ಅನ್ನೂದಕ್ಕ ಅದರಾಗ ಕಾಲಮ್ಮಿಲ್ಲ."

"ಹಂಗಾರ ತಗೊಳ್ಳಲೇನ್ರಿ?"

"ಛೇ, ತಗೊಂಡ್ರ ಅವತ್ತ ಕೋಡ್ ಬಂದ್. ಗುತ್ತಿಗಿಯೊಳಗ ದಪ್ಪ ಅಕ್ಷರದಾಗ ಬರದಾರ." ಅವನು ಯಾವುದೋ ಫೋನು ಎತ್ತಿಕೊಳ್ಳುತ್ತ ಹೇಳಿದ, "ಮುಂದಿನ ತಿಂಗಳದಾಗ ಗೆರಿ ಮ್ಯಾಲ ಬರಲಿಲ್ಲ ಅಂದ್ರ ಯಂತ್ರ ತಂದು ಇಲ್ಲಿ ಇಟ್ಟು ಹೋಗ್ರಿ. ಚಾರ್ಜರ್ ಸಹಿತ."

ಸುಶ್ಮಿತಾ ಮೆಟ್ಟಿಲಿಳಿದು ಬಂದಳು. ತೆಗೆದುಕೊಂಡರೆ ಹೋಗುತ್ತದೆ, ಬಿಟ್ಟರೆ ಹೋಗುತ್ತದೆ. ಇಂಥ ನ್ಯಾಯವನ್ನು ಯೋಚಿಸಿದವನ ತಲೆ ಕುಂಬಳಕಾಯಿಯಷ್ಟಿದ್ದಿರಬೇಕು. ಆಕೆಯ ಕಾಲುಗಳು ಎಷ್ಟು ಭಾರವಾಗಿದ್ದವೆಂದರೆ, ಅವು ತನ್ನವಲ್ಲ, ಯಾರದೋ ಕಾಲುಗಳನ್ನು ಅವರಿಗೆ ಮುಟ್ಟಿಸಿ ಬರಲು ಹೊತ್ತು ಹೊರಟಿದ್ದೇನೆ ಅನ್ನಿಸಿತು.

ಮೋಟೆಬೆನ್ನೂರಿನಲ್ಲಿ ಇಳಿದವಳು ಬ್ಯಾಡಗಿಯ ಬಸ್ಸಿಗೆ ಕಾಯದೆ ನೇರವಾಗಿ ಲಕ್ಷ್ಮಪ್ಪನ ಚಾದಂಗಡಿಗೆ ಹೋದಳು. ಜಗಳ ಮಾಡಬೇಕೆಂದೇ ಹೋದದ್ದು. ಅವನ ಎದುರಿಗೆ ಕುಳಿತ ಮೇಲೆ ಜಗಳದ ಒಂದು ಮಾತೂ ನೆನಪಾಗಲಿಲ್ಲ. ಲಕ್ಷ್ಮಪ್ಪ ಚಪ್ಪಲಿ ಬಿಟ್ಟು ಊದಿದ ಕಾಲುಗಳನ್ನು ಬೆಂಚಿನ ಮೇಲೆ ಚಾಚಿಕೊಂಡಿದ್ದ.

"ನಿನ್ನ ಗಿರಾಕಿ ಕಸಗೊಳ್ಳಾಕ ನಾ ಯಾರಿಗೂ ಚೀಟಿ ಕಳಿಸಿಲ್ಲ ತಂಗಿ," ಎಂದು ಅವನೇ ಶುರು ಮಾಡಿದ. "ಖರೇ ಹೇಳ್ತೇನಿ, ನನಗ ಸಾಕಾಗೇತಿ. ಇಷ್ಟು ಮುದುಕ್ಯಾರ ಬೆರಳು ತಿಕ್ಕಿ ತಿಕ್ಕಿ ನನ್ನ ಬೆರಳಿನ ಗೆರಿ ಅಳಿಸಿಹೋಗ್ಯಾವ. ನನ್ನ ಪಿಂಚಣಿ ತಗಸಾಕ ಹೋದ್ರ ಯಂತ್ರ ನೀ ಯಾರು ಅಂತ ಕೇಳತೈತಿ."

"ನೀ ಯಾಕ ತಗೋತೀ ಕಾಕಾ ಅವರ ಕಡೆ?"

"ಮದಮದಲ ರೊಕ್ಕದ ಆಸೆಕ್ಕ ತಗೊಂಡೆ. ಸುಳ್ಳ ಯಾಕ ಹೇಳಲಿ." ಅವನು ಪಾದದ ಮೇಲಿನ ನೊಣ ಓಡಿಸಿದ. "ಒಂದ್ಸಲ ನಮ್ಮ ಪೋಸ್ಟಾಫೀಸಿಗೆ ಖಡಕ್ ಸಾಹೇಬ ಬಂದ. ಅಂಜಿ ಮೂರು ತಿಂಗಳ ಬಿಟ್ಟೆ. ಮುದುಕ್ಯಾರು ನನ್ನ ಮುಂದ ಬಾಯಿ ತಗೀಲಿಲ್ಲ ನೋಡು. ತಡಾ ಮಾಡಿ ಹೋದ್ರೂ ಬೈಲಿಲ್ಲ. ಕೈ ಮುಗುದು ನಿಲ್ಲೋರು. ಒಬ್ಬಾಕಿ ಕಾಲ ಬಿದ್ದಳು. ಮರುತಿಂಗಳ ತಿರುಗಿ ತಗೊಳ್ಳಾಕ ಶುರು ಮಾಡಿದೆ. ರೊಕ್ಕ ಕೊಟ್ಟಾಕಿಗೆ ಬೈಯೋ ಹಕ್ಕ ಇರತೈತಿ ತಂಗಿ. ಬಿಟ್ಟಿ ಇಸಗೊಂಡಾಕಿಗೆ ಏನ ಇರತೈತಿ? ಹತ್ತು ರೂಪಾಯಿಗೆ ಅವರು ನನ್ನ ಕೊಳ್ಳತಾರ. ತಿಂಗಳಿಗೊಮ್ಮೆ, ಒಂದೀಟ ಹೊತ್ತು. ಮನಿಯಾಗ ಮಗಗ ಬೈಯಾಕಾಗೂದಿಲ್ಲ, ಸೊಸಿಗೆ ಬೈಯಾಕಾಗೂದಿಲ್ಲ. ನನಗ ಬೈತಾರ."

"ನನ್ನ ಕೋಡ್ ಹೋಗತೈತಿ ಕಾಕಾ, ತಗೊಂಡ್ರ."

"ಬಿಟ್ರ?"

ಸುಶ್ಮಿತಾ ಉತ್ತರ ಕೊಡುವುದರೊಳಗೆ ಕೆಮ್ಮು ಬಂತು. ಅದು ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ಹೆದ್ದಾರಿಯಲ್ಲಿ ಒಂದು ಚುನಾವಣೆ ಮುಗಿದು ಇನ್ನೊಂದು ಶುರುವಾಗಬಹುದಿತ್ತು. ಲಕ್ಷ್ಮಪ್ಪ ಎದ್ದು ನೀರು ತಂದು ಕೊಟ್ಟ.

ಮರುತಿಂಗಳು ಪಿಂಚಣಿ ಬಿದ್ದ ದಿನ ಗುಡಿಕಟ್ಟೆಯ ಬಳಿ ಒಬ್ಬ ಮುದುಕಿ ಬಂದಳು. ಲಕ್ಷ್ಮಪ್ಪನ ಅಂಗಡಿಯವರೆಗೆ ನಡೆಯಲಾಗದೆ ಬಂದವಳು. ಆಕೆ ಅಭ್ಯಾಸಬಲದಿಂದ ನೋಟು ಮುಂದೆ ಹಿಡಿದಳು. ಸುಶ್ಮಿತಾ ಅದನ್ನು ನೋಡಿದಳು, ಊರ ಕಡೆ ನೋಡಿದಳು, ಗುಡಿಯೊಳಗಿನ ದೇವರ ಕಡೆ ಮಾತ್ರ ನೋಡಲಿಲ್ಲ. ತೆಗೆದುಕೊಂಡಳು.

ಹಳ್ಳಿಯಲ್ಲಿ ಬೆಂಕಿ ಬಿದ್ದರೆ ಸುದ್ದಿ ಹರಡಲು ಅರ್ಧ ತಾಸು ಬೇಕು. ಇದಕ್ಕೆ ಅಷ್ಟೂ ಬೇಕಾಗಲಿಲ್ಲ. ಆ ಮುದುಕಿ ತಿರುವು ದಾಟುವ ಮೊದಲೇ ಹೊಳಿಯವ್ವ ಕೋಲು ಊರುತ್ತ ಬಂದಳು, ಹಿಂದೆ ಜೈತೂನಬಿ, ಅವರ ಹಿಂದೆ ಊರಿನಲ್ಲಿ ಉಳಿದಿದ್ದ ಹೆಬ್ಬೆರಳುಗಳೆಲ್ಲ. ಹೊಳಿಯವ್ವ ಬೆರಳು ಒತ್ತಿ, ನೋಟು ಇಟ್ಟು, ಅದು ಚೀಲದೊಳಗೆ ಹೋಗುವವರೆಗೆ ಕಣ್ಣು ಕೀಳದೆ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡಳು.

"ಹೊತ್ತು ಎಷ್ಟಾತು ನೋಡೀದೇನ? ಬ್ಯಾಡಗಿಯಿಂದ ತವರೂರಿಗೆ ಬಂದಂಗ ಬರ್ತೀಯಲ್ಲ. ನಿನಗೇನು ಪಲ್ಲಕ್ಕಿ ಕಳಿಸಬೇಕೇನು?"

ಸಾಲಿನಲ್ಲಿದ್ದವರ ಮುಖ ಅರಳಿತು. ಒಬ್ಬಳು ಯಂತ್ರದ ಮೇಲೆ ದೂಳಿದೆ ಎಂದಳು, ಇನ್ನೊಬ್ಬಳು ನೋಟು ಹರಿದಿದೆ, ಬದಲಿಸಿ ಕೊಡು ಎಂದಳು. ಬೈಗುಳದ ಮಳೆ ಸುರಿಯಿತು. ತುಂಗಭದ್ರೆ ಗುತ್ತಲದ ಹೊಲಗಳಿಗೆ ನುಗ್ಗುವಂಥ ಮಳೆ. ಸುಶ್ಮಿತಾ ತಲೆ ತಗ್ಗಿಸಿ ಬೆರಳು ಒತ್ತಿಸಿದಳು. ನಾಲ್ಕು ದಿನದಲ್ಲಿ ಆಕೆಯ ಗೆರೆ ಸಮೀರನ ಗೋಡೆಯಲ್ಲಿ ಮಾಳಿಗೆ ತೂರಿತು. ಸಮೀರ ಫೋನಿನಲ್ಲಿ "ಏನ್ ಜಾದೂ ಮಾಡಿದ್ರಿ?" ಎಂದು ಕೇಳಿದ, ಉತ್ತರ ಬೇಡವಾಗಿದ್ದರಿಂದ ತಾನೇ ಇಟ್ಟುಬಿಟ್ಟ.

ಚೀಲದಲ್ಲಿ ಬಿದ್ದ ಹತ್ತರ ನೋಟುಗಳಿಂದ ಸುಶ್ಮಿತಾ ಕೆಮ್ಮಿನ ಔಷಧ ಕೊಂಡಳು. ಅದು ಉಳಿದ ಔಷಧಗಳಷ್ಟೇ ಕಹಿಯಾಗಿತ್ತು. ಪಾಪದ ರುಚಿಯೇನಾದರೂ ಬೇರೆ ಇರಬಹುದೇ ಎಂದು ನಾಲಿಗೆಯಲ್ಲಿ ಹುಡುಕಿದಳು, ಸಿಗಲಿಲ್ಲ. ಅದರ ಬಗ್ಗೆ ದುಃಖಿಸಲೂ ಆಗದಷ್ಟು ನಿದ್ದೆ ಬಂತು.

ಈ ನಡುವೆ ಹೊಳಿಯವ್ವ ಕೊಟ್ಟ ಅರ್ಜಿ ಹಾವೇರಿಯಲ್ಲಿ ಸತ್ತಿರಲಿಲ್ಲ. ಹಾವೇರಿಯಿಂದ ಮೋಟೆಬೆನ್ನೂರಿಗೆ ಲಾರಿಯಲ್ಲಿ ಹೊರಟ ಹಾಲು ಬಿಸಿಯಾಗಿಯೇ ಮುಟ್ಟುತ್ತದೆ. ಅರ್ಜಿಗೆ ಮಾತ್ರ ಪ್ರತಿ ಮೇಜಿನ ಮೇಲೆ ಒಂದು ಬಾಣಂತನ. ಹಾಗಾಗಿ, ಸುಶ್ಮಿತಾ ಹಣ ತೆಗೆದುಕೊಳ್ಳುವುದಿಲ್ಲ ಎಂಬ ದೂರಿನ ವಿಚಾರಣೆಗೆ ಹಾವೇರಿಯ ಪಿಂಚಣಿ ಕಚೇರಿಯ ಅಧಿಕಾರಿ ವಿಜಯೇಂದ್ರ ಜೀಪಿನಿಂದ ಇಳಿದಾಗ, ಆಕೆ ಚೆನ್ನಾಗಿಯೇ ತೆಗೆದುಕೊಳ್ಳುತ್ತಿದ್ದಳು.

ವಿಜಯೇಂದ್ರ ಆ ದಿನ ಆಗಲೇ ಎರಡು ತಾಲ್ಲೂಕು ಸುತ್ತಿ ಬಂದಿದ್ದ. ಅವನ ಕಣ್ಣ ಕೆಳಗಿನ ಚೀಲಗಳಲ್ಲಿ ಒಂದೊಂದು ಸೇರು ಜೋಳ ಹಿಡಿಯುತ್ತಿತ್ತು. ಕಟ್ಟೆಯ ತುದಿಗೆ ಕರವಸ್ತ್ರ ಹಾಸಿ ಕುಳಿತು, ಸಾಲು ನಿಂತ ಮುದುಕಿಯರ ಎದುರೇ ಓದಿದ: "ಸದರಿ ಮಹಿಳೆಯು ಫಲಾನುಭವಿಗಳಿಂದ ಏನನ್ನೂ ಪಡೆಯದೆ ಪೂರ್ತಿ ಹಣ ನೀಡುತ್ತಿರುವುದು ಸಂಶಯಾಸ್ಪದವಾಗಿದ್ದು, ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ." ಓದಿ ಮುಗಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಮತ್ತೊಮ್ಮೆ ಓದಿದ. "ಇದನ್ನ ಯಾರು ಕೊಟ್ಟದ್ದು?"

ಹೊಳಿಯವ್ವನ ಬಣ್ಣ ಇಳಿಯಿತು. ಅರ್ಜಿ ಕೊಟ್ಟದ್ದನ್ನು ಆಕೆ ಮರೆತೇಬಿಟ್ಟಿದ್ದಳು. ಈಗ ತನ್ನ ಕಾಗದದಿಂದ ಹುಡುಗಿಯ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಹೊಳೆದದ್ದೇ, ಸಾಲು ಮುರಿದು ಮುಂದೆ ಬಂದಳು.

"ನಾನ ಕೊಟ್ಟದ್ದು ಸಾಹೇಬ್ರ. ಅದು ಹಳೀ ಮಾತು. ಈಗ ತಗೋತಾಳ್ರಿ."

"ಏನು ತಗೋತಾಳ?"

"ರೊಕ್ಕ. ನನ್ನ ಕಡೆ ತಗೊಂಡಾಳ, ಈ ಜೈತೂನಬಿ ಕಡೆ ತಗೊಂಡಾಳ. ಜಾತಿ ಗೀತಿ ನೋಡೂದಿಲ್ರಿ, ಎಲ್ಲಾರ ಕಡೆ ತಗೋತಾಳ. ಭಾಳ ಚಲೋ ಹುಡುಗಿ."

ಸುಶ್ಮಿತಾ ಯಂತ್ರದ ಮೇಲೆ ಕೈಯಿಟ್ಟುಕೊಂಡಳು, ಯಾರೋ ಆಗಲೇ ಎಳೆಯುತ್ತಿದ್ದಾರೆ ಎಂಬಂತೆ. "ಆಯಿ, ಸಾಕು ಸುಮ್ನಿರು," ಎಂದಳು. ಅದು ನಾಚಿಕೆ ಎಂದುಕೊಂಡ ಮುದುಕಿಯರು ಇನ್ನಷ್ಟು ಹುರುಪಿಗೆ ಬಂದರು.

"ನನ್ನ ಕಡೆ ಚಿಲ್ಲರಿ ಇರಲಿಲ್ರಿ," ಎಂದಳು ಜೈತೂನಬಿ. "ಬಿಡಲಿಲ್ಲ. ನಿಂತು ಇಸಗೊಂಡಳು."

"ನನ್ನ ಕಡೆ ಇಪ್ಪತ್ತು," ಎಂದಿತು ಹಿಂದಿನಿಂದೊಂದು ದನಿ.

"ನನ್ನ ಕಡೆ ಐವತ್ತು ತಗೊಂಡಾಳ. ಮ್ಯಾಲ ಹುಂಜ."

ವಿಜಯೇಂದ್ರ ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಅವರು ಸುಶ್ಮಿತಾಳನ್ನು ಉಳಿಸುವ ಭರದಲ್ಲಿ ಊರ ಕೆರೆಯನ್ನೂ ಆಕೆ ತೆಗೆದುಕೊಂಡಳೆಂದು ಹೇಳುವವರಿದ್ದರು. ಅವನು ಕೈಯೆತ್ತಿ ಎಲ್ಲರನ್ನೂ ದೂರ ನಿಲ್ಲಿಸಿ ಆಕೆಯನ್ನು ಹತ್ತಿರ ಕರೆದ.

"ಖರೇ ಏನದ ಹೇಳ್ರಿ. ತಗೊಂಡೀರೇನು?"

ಇಲ್ಲ ಎಂದರೆ ಸಾಕಿತ್ತು. ಮುದುಕಿಯರ ಮಾತು ಯಾರು ನಂಬುತ್ತಾರೆ. ಸುಶ್ಮಿತಾ ಬಾಯಿ ತೆರೆದಳು. ಸುಳ್ಳು ಕಟ್ಟುವುದಕ್ಕೂ ಒಂದು ಕಸುವು ಬೇಕು, ಅದು ಆಕೆಯಲ್ಲಿ ಎಂದೋ ಖರ್ಚಾಗಿತ್ತು. "ಹತ್ತ್ಹತ್ತು ರೂಪಾಯಿ ತಗೊಂಡೇನ್ರಿ. ಹುಂಜ ತಗೊಂಡಿಲ್ಲ."

"ನಿಮಗ ಹಂಚಿದ್ದಕ್ಕ ಸರಕಾರ ಶುಲ್ಕ ಕೊಡ್ಲಿಕ್ಕತ್ತದ, ಗೊತ್ತದ ಇಲ್ಲೋ?"

"ಗೊತ್ತೈತ್ರಿ. ಇವರ ಕಡೆ ತಗೊಳ್ಳದ ಇದ್ರ ಇವರು ಬರೂದಿಲ್ರಿ. ಇವರು ಬರದಿದ್ರ ಸರಕಾರದ ಶುಲ್ಕ ಬರೂದಿಲ್ಲ. ಅದು ಬರದಿದ್ರ ಕೋಡ್ ಹೋಗತೈತಿ." ಆಕೆ ಉಸಿರಿಗಾಗಿ ನಿಂತಳು. "ಕೋಡ್ ಹೋದ್ರ ನಾ ತಿರುಗಿ ಮೆಣಸಿನಕಾಯಿಗೆ ಹೋಗಬೇಕ್ರಿ. ನನ್ನ ಎದಿ ತಡಿಯೂದಿಲ್ಲ."

ಅವನು ಆ ಎದೆಯ ಸದ್ದನ್ನು ಜೀಪಿನ ಹತ್ತಿರದಿಂದಲೇ ಕೇಳಿದ್ದ. "ಈಕಿ ಇಲ್ಲಂದ್ರ ನೀವು ಎಲ್ಲಿ ಹೋಗ್ತೀರಿ?" ಎಂದು ಹೊಳಿಯವ್ವನ ಕಡೆ ತಿರುಗಿದ.

"ಲಕ್ಷ್ಮಪ್ಪನ ಕಡೆ ಹೋಗ್ತೇವ್ರಿ."

"ಅಂವ ತಗೋತಾನೋ?"

"ತಗೋತಾನ್ರಿ."

"ಮತ್ತ ಅವನ ಮ್ಯಾಲ ಅರ್ಜಿ ಯಾಕ ಕೊಟ್ಟಿಲ್ಲ?"

"ಯಾಕ ಕೊಡೂಣ್ರಿ?" ಎಂದಳು ಹೊಳಿಯವ್ವ. "ತಗೋತಾನಲ್ಲ."

ವಿಜಯೇಂದ್ರ ಅರ್ಜಿಯನ್ನು ತೊಡೆಯ ಮೇಲೆ ಹರಡಿದ. ಗುಡಿಯ ನೆರಳು ಅವನ ಬೂಟಿನಿಂದ ಮಂಡಿಯವರೆಗೆ ಏರಿತು. ಸರಕಾರ ಮುದುಕಿಯರಿಗಾಗಿ ಕೊಡುವ ಹಣ, ಅದನ್ನು ಹಂಚಲು ಕೊಡುವ ಹಣ, ಹಂಚಿದ್ದು ಸರಿಯೇ ಎಂದು ನೋಡಲು ತನಗೆ ಕೊಡುವ ಹಣ, ಎಲ್ಲವೂ ಈ ಕಟ್ಟೆಗೆ ಬಂದು ಒಂದು ಹತ್ತರ ನೋಟಿನ ಮುಂದೆ ಬೆಪ್ಪಾಗಿ ನಿಂತಿದ್ದವು. ಕಡೆಗೆ ಪೆನ್ನು ತೆಗೆದು, ಅರ್ಜಿಯ ಕೆಳಗೆ ಬರೆದು, ಬರೆದದ್ದನ್ನು ಓದಿ ಹೇಳಿದ.

"ಏಜೆಂಟರು ಏನನ್ನೂ ಪಡೆಯುವುದಿಲ್ಲ ಎಂಬ ಅರ್ಜಿದಾರರ ಆರೋಪವು ಸ್ಥಳ ವಿಚಾರಣೆಯಲ್ಲಿ ಸಾಬೀತಾಗಿರುವುದಿಲ್ಲ. ಅರ್ಜಿ ಮುಕ್ತಾಯ."

"ಅಂದ್ರ?" ಎಂದಳು ಹೊಳಿಯವ್ವ.

"ಅಂದ್ರ ನೀವು ಕೊಟ್ಟ ದೂರು ಸುಳ್ಳು ಅಂತ. ಇಲ್ಲಿ ಬೆರಳು ಒತ್ರಿ."

ಹೊಳಿಯವ್ವ ಇಷ್ಟು ಸಂತೋಷದಿಂದ ಯಾವ ಕಾಗದಕ್ಕೂ ಬೆರಳು ಒತ್ತಿರಲಿಲ್ಲ. ಸುಶ್ಮಿತಾಳಿಗೆ ತಿಳಿಯಲು ಕೊಂಚ ತಡವಾಯಿತು. ತಿಳಿದ ಮೇಲೂ ಕುಣಿಯುವಂಥದ್ದೇನೂ ಒಳಗಿನಿಂದ ಬರಲಿಲ್ಲ. ಹೊರೆ ಇಳಿಸಿದವಳಿಗೆ ಕುತ್ತಿಗೆ ಮೊದಲಿಗಿಂತ ಹೆಚ್ಚು ನೋಯುತ್ತದಲ್ಲ, ಹಾಗಾಯಿತು. ಜೀಪಿನವರೆಗೆ ಅವನ ಹಿಂದೆ ಹೋದಳು.

"ಸಾಹೇಬ್ರ, ಮುಂದ ನಾ ತಗೊಳ್ಳಲೇನ್ರಿ, ಬ್ಯಾಡೇನ್ರಿ?"

"ತಗೋಬಾರದು," ಎಂದ ವಿಜಯೇಂದ್ರ, ಒಂದು ಕಾಲು ಜೀಪಿನಲ್ಲಿಟ್ಟು. ಇನ್ನೊಂದು ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟ. "ತಗೊಳ್ಳಿಕ್ಕತ್ತೀರಿ ಅಂತ ದೂರು ಬಂದ್ರ ನಾ ಮತ್ತ ಬರಬೇಕಾಗ್ತದ. ನನ್ನ ಮಂಡಿ ಸರಿ ಇಲ್ಲ. ನೋಡ್ರಿ."

ಆಕೆ ತಿರುಗಿ ಬಂದು ಯಂತ್ರದ ಮುಂದೆ ಕುಳಿತಳು. ಸಾಲು ಇನ್ನೂ ಉದ್ದವಿತ್ತು. ವಿಚಾರಣೆಯ ಗದ್ದಲದಲ್ಲಿ ಹೊತ್ತಾಯಿತೆಂದು ಎಲ್ಲರೂ ಆಕೆಯನ್ನೇ ಬೈಯುತ್ತಿದ್ದರು. ಐವತ್ತು ರೂಪಾಯಿ ಮತ್ತು ಹುಂಜ ಎಂದಿದ್ದ ಮುದುಕಿ ಈಗ ಮುಂದೆ ಬಂದಿದ್ದಳು. ಬೆರಳು ಒತ್ತಿ, ಹಣ ಇಸಿದುಕೊಂಡು, ಮುದುರಿದ ನೋಟನ್ನು ಕಟ್ಟೆಯ ಮೇಲಿಟ್ಟಳು.

ಸುಶ್ಮಿತಾ ಅದನ್ನು ಮುಟ್ಟದೆ ಒಂದು ಗಳಿಗೆ ಕುಳಿತಳು. ಎದುರಿನ ಮುದುಕಿಯ ಬಾಯಿ ಅರ್ಧಕ್ಕೆ ನಿಂತಿತು, ಕಣ್ಣಿನಲ್ಲಿ ಸಣ್ಣದೊಂದು ಭಯ ಕಾಣಿಸಿತು, ಕೈಗಳು ಮುಗಿಯಲೋ ಬೇಡವೋ ಎಂದು ಎದೆಯ ಹತ್ತಿರ ಬಂದವು. ಅದನ್ನು ನೋಡುವುದು ಸುಶ್ಮಿತಾಳಿಂದ ಆಗಲಿಲ್ಲ. ನೋಟೆತ್ತಿ ಚೀಲಕ್ಕೆ ಹಾಕಿದಳು.

"ಎಷ್ಟೊತ್ತು ಬೇ ಅದಕ್ಕ?" ಎಂದು ಮುದುಕಿ ಗದರಿ, ಕೋಲು ಊರಿಕೊಂಡು ಹೊರಟಳು.

"ಮುಂದಿನವರು ಬರ್ರಿ," ಎಂದಳು ಸುಶ್ಮಿತಾ.